ಸೊಟ್ಟ ಗೆರೆಯ ಚೌಕಳಿ ಪುಸ್ತಕ

ಜನವರಿ 13, 2025, ಸೋಮವಾರ

ಬೆಳಗಿನ ಸಕ್ಕರೆ 8.1, ನಮ್ಮೂರಿನ ಲೆಕ್ಕದಲ್ಲಿ 146.

ದಿನಾ ಬೆಳಿಗ್ಗೆ ಸಕ್ಕರೆ ನೋಡಿ ಒಂದು ಕಡೆ ಬರೆದಿಡಿ ಎಂದು ಫ್ಯಾಮಿಲಿ ಡಾಕ್ಟರ ಅಪ್ಪಣೆಯಾಗಿದೆ. ಬರೆದಾಯಿತು. ಒಂದು ಅಂಕಿಗೋಸ್ಕರ ಇಡೀ ಪುಟ ಖಾಲಿ ಬಿಡಲು, ಪರದೇಶಕ್ಕೆ ಬಂದು ಇಷ್ಟು ವರ್ಷವಾದರೂ, ನನ್ನ ಮೈಸೂರು ಬುದ್ಧಿ ಒಪ್ಪುವುದಿಲ್ಲ. ಆದ್ದರಿಂದ ಮಿಕ್ಕ ಜಾಗದಲ್ಲಿ ಬೈಗುಳ ಬರೆಯುತ್ತೇನೆ. ಐವತ್ತೆಂಟು ವರ್ಷದ ಹೆಂಗಸು ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಲ್ಲೇ ಬೈದರೆ ಮನೆಯೂ ನೆಟ್ಟಗಿರುವುದಿಲ್ಲ, ಕೆಲಸವೂ ಉಳಿಯುವುದಿಲ್ಲ.

ಮೊದಲ ಬೈಗುಳ ಈ ಪುಸ್ತಕಕ್ಕೇ. ಲ್ಯಾಬಿನ ಅಭ್ಯಾಸದಿಂದ ನನಗೆ ಚೌಕಳಿ ಗೆರೆಯ ಪುಸ್ತಕವೇ ಬೇಕು. ಆನ್‌ಲೈನಲ್ಲಿ ತರಿಸಿದೆ. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಗೆರೆ ಮಾತ್ರ ಪುಟದ ನಡುವೆ ಸೊಟ್ಟ. ಬಿಸಿಲಿಗಿಟ್ಟ ಪ್ಲಾಸ್ಟಿಕ್ ತಟ್ಟೆಯ ಹಾಗೆ ಅಲ್ಲಲ್ಲಿ ಬಾಗಿಕೊಂಡಿದೆ. ಒಂದು ಗೆರೆ ನೆಟ್ಟಗೆ ಅಚ್ಚು ಹಾಕಲು ಬಾರದವರು ಯಾಕೆ ಪುಸ್ತಕ ಮಾರುತ್ತಾರೋ. ಕಂಪನಿಗೆ ಖಾರವಾಗಿ ಒಂದು ಈಮೇಲ್ ಹಾಕಿದ್ದೇನೆ.

ಎರಡನೆಯ ಬೈಗುಳ ನಮ್ಮ ಯಜಮಾನರಿಗೆ. ನಿನ್ನೆ ಫೋನಿನಲ್ಲಿ ಯಾರಿಗೋ "ರಾಜಿ ಡೌನ್‌ಟೌನಲ್ಲಿ ಕಣ್ಣಿನ ಲ್ಯಾಬಲ್ಲಿ ಏನೋ ಎಣಿಸ್ತಾಳೆ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಹೇಳುತ್ತಲೇ ಇದ್ದೇನೆ. ಪಿಕರಿಂಗ್‌ನ ಅಣುಸ್ಥಾವರದಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದು ರಿಟೈರ್ ಆದ ಶಿವಾನಂದರ ತಲೆಗೆ ಇಷ್ಟು ಇಳಿಯುವುದಿಲ್ಲ. ಮತ್ತೆ ಹೇಳಿದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಣ್ಣಿನ ಹಿಂದಿನ ರೆಟಿನಾದ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ರಕ್ತ ಸಿಗದ ರೆಟಿನಾ ಬೆಳವಣಿಗೆಯ ಅಂಶ ಎನ್ನುವ ಪ್ರೋಟೀನನ್ನು ಸುರಿಸಿ 'ಹೊಸ ನಾಳ ಕಟ್ಟಿ, ಬೇಗ ಕಟ್ಟಿ' ಎಂದು ಕೂಗುತ್ತದೆ. ಆ ಕೂಗಿಗೆ ನಾಳದ ಗೋಡೆಯ ಜೀವಕೋಶಗಳು ಒಂದರ ಕೈ ಒಂದು ಬಿಟ್ಟು ಸಡಿಲವಾಗುತ್ತವೆ, ನೀರು ಸೋರುತ್ತದೆ, ಕಂಡಕಂಡಲ್ಲಿ ಕೆಲಸಕ್ಕೆ ಬಾರದ ಕವಲು ಒಡೆಯುತ್ತದೆ. ನಾವು ಆ ಜೀವಕೋಶಗಳನ್ನು ತಟ್ಟೆಗಳಲ್ಲಿ ಸಾಕಿ, ಬೆಳವಣಿಗೆಯ ಅಂಶ ಬಡಿಸಿ, ಎಷ್ಟು ಕವಲು ಬಂತು ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಅರ್ಧ ತಟ್ಟೆಗೆ ಅದನ್ನು ತಡೆಯುವ ಹೊಸ ಔಷಧವನ್ನೂ ಹಾಕುತ್ತೇವೆ.

"ಅದೇ ಅಲ್ವೇ ನಾನು ಹೇಳಿದ್ದು? ಎಣಿಸ್ತೀಯ" ಎಂದರು.

ಮೂರನೆಯದು ಅಕ್ಷಯಾಗೆ. ಪಿಎಚ್‌ಡಿ ಹುಡುಗಿ, ಗುಳೇದಗುಡ್ಡದವಳು. ಈ ಔಷಧದ ಪ್ರಯೋಗ ಅವಳದು. ಅವಳೂ ಎಣಿಸಬೇಕು, ನಾನೂ ಎಣಿಸಬೇಕು, ಎರಡೂ ತಾಳೆಯಾದರೆ ಮಾತ್ರ ಲೆಕ್ಕ. ಮಾರ್ಚ್ 31ಕ್ಕೆ ಅವಳ ಪಿಎಚ್‌ಡಿ ಕೆಲಸ ನೋಡುವ ಕಮಿಟಿ ಕೂರುತ್ತದೆ. ಅಷ್ಟರಲ್ಲಿ ನನ್ನ ಸಹಿ ಬೀಳದಿದ್ದರೆ ಮೂರು ವರ್ಷದ ಕೆಲಸ ಕೆಳಗೆ ಬೀಳುತ್ತದೆ, ಅವಳ ಸ್ಟೈಪೆಂಡೂ ನಿಲ್ಲಬಹುದು. ಹುಡುಗಿ ಚುರುಕು. ಅದೇ ತೊಂದರೆ, ಚುರುಕಿನವರು ಎಣಿಸುವಾಗ ಓಡುತ್ತಾರೆ.


ಜನವರಿ 19, ಭಾನುವಾರ

ಬ್ರ್ಯಾಂಪ್ಟನ್ನಿನ ಶಾಲೆಯೊಂದರ ಹಾಲಿನಲ್ಲಿ ಕನ್ನಡದವರ ಸಂಕ್ರಾಂತಿ. ಇಲ್ಲಿಂದ ಒಂದು ಗಂಟೆ ದಾರಿ, ಎಳ್ಳುಬೆಲ್ಲಕ್ಕೋಸ್ಕರ. ಕಬ್ಬಿನ ತುಂಡು ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು.

ಅಲ್ಲಿ ಜಯಲಕ್ಷ್ಮಿಯ ಹತ್ತಿರ ಬೈಸಿಕೊಂಡೆ. ಅವಳು ಈ ದೇಶಕ್ಕೆ ಬಂದ ನಮ್ಮ ಕಡೆಯ ಮೊದಲ ಡಾಕ್ಟರುಗಳಲ್ಲಿ ಒಬ್ಬಳು. ಈಗ ರಿಟೈರ್ ಆಗಿ ಜಾರ್ಜ್‌ಟೌನ್‌ನಲ್ಲಿದ್ದಾಳೆ. ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಳು, ಮುಖದ ಮೇಲೆ ಬೆಳಕೇ ಇರಲಿಲ್ಲ, ನಾನು ಪಕ್ಕದಲ್ಲೇ ಹಾದುಹೋದೆನಂತೆ.

"ಏನೇ, ಗುರುತೇ ಇಲ್ದೋರ ಥರ ಹೋಗ್ತೀಯಲ್ಲ. ಅಷ್ಟು ದೊಡ್ಡೋಳಾಗ್ಬಿಟ್ಯಾ?"

"ಕತ್ತಲಲ್ಲಿ ನಿಂತ್ಕೊಂಡ್ರೆ ಯಾರಿಗೆ ಕಾಣತ್ತೆ?"

"ಮಧ್ಯಾಹ್ನ ಹನ್ನೆರಡೂವರೆಗೆ ಕತ್ತಲಾ?" ಎಂದು ಅವಳು ನನ್ನ ಕನ್ನಡಕವನ್ನೇ ನೋಡಿದಳು. "ಶುಗರ್ ಶುರುವಾಗಿ ಎಷ್ಟು ವರ್ಷ ಆಯ್ತು? ಕಣ್ಣು ಲಾಸ್ಟ್ ಯಾವಾಗ ತೋರ್ಸಿದ್ದು?"

ಹದಿನಾಲ್ಕು ವರ್ಷ ಆಯಿತು. ತೋರಿಸಿದ್ದು 2022ರ ಜೂನ್. ಸರ್ಕಾರವೇ ವರ್ಷಕ್ಕೊಂದು ಸಲ ಪುಕ್ಕಟೆ ನೋಡುತ್ತದೆ, ಗೊತ್ತು. ಆದರೆ ಅಲ್ಲಿ ಕಣ್ಣಿಗೆ ಹನಿ ಬಿಟ್ಟು ಪಾಪೆ ಅಗಲ ಮಾಡುತ್ತಾರೆ. ಆಮೇಲೆ ಇಡೀ ದಿನ ಮೈಕ್ರೋಸ್ಕೋಪು ನೋಡಲಾಗುವುದಿಲ್ಲ. ತಟ್ಟೆಯಲ್ಲಿ ಕೂತ ಜೀವಕೋಶ ನನ್ನ ಅಪಾಯಿಂಟ್‌ಮೆಂಟಿಗೆ ಕಾಯುತ್ತದೆಯೇ? ಆ ದಿನ ಎಣಿಸದಿದ್ದರೆ ಒಂದು ವಾರದ ಕೆಲಸ ಸಿಂಕಿಗೆ. ಮೂರು ಸಲ ತಾರೀಖು ತೆಗೆದುಕೊಂಡೆ, ಮೂರು ಸಲವೂ ಎಣಿಕೆಯ ದಿನಕ್ಕೇ ಬಂತು, ಕ್ಯಾನ್ಸಲ್ ಮಾಡಿದೆ. ಇದನ್ನೆಲ್ಲ ಜಯಲಕ್ಷ್ಮಿಗೆ ವಿವರಿಸಿದೆ.

"ಅಂದ್ರೆ ಸಕ್ಕರೆ ಕಾಯಿಲೆಯೋರ ಕಣ್ಣು ಉಳಿಸೋ ಕೆಲ್ಸದಲ್ಲಿ ಬಿಜಿ ಇದ್ದೀಯ, ನಿನ್ನ ಕಣ್ಣಿಗೆ ಟೈಮಿಲ್ಲ" ಎಂದಳು.

ರಿಟೈರ್ ಆದ ಡಾಕ್ಟರುಗಳಿಗೆ ಬೇರೆ ಕೆಲಸವಿಲ್ಲ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತು ಆಡಬೇಕಂತೆ. ಇಬ್ಬರೂ ಆಡಲಿಲ್ಲ.


ಜನವರಿ 23, ಗುರುವಾರ

ಸಕ್ಕರೆ 7.4. ಸ್ವಲ್ಪ ಇಳಿದಿದೆ, ಯಾರೂ ಹೊಗಳಲಿಲ್ಲ.

ಮೈಕ್ರೋಸ್ಕೋಪಿನ ದೀಪ ಮಂಕಾಗಿದೆ ಎಂದು ಒಂದು ತಿಂಗಳಿಂದ ಹೇಳುತ್ತಿದ್ದೆ. ಕೊನೆಗೂ ರಿಪೇರಿಯವನು ಬಂದ. ಬಿಚ್ಚಿದ, ಒರೆಸಿದ, ದೀಪ ಬದಲಾಯಿಸಿದ. "ಎಲ್ಲ ಸರಿ ಇದೆ, ಮೇಡಂ" ಎಂದು ಇಂಗ್ಲಿಷಿನಲ್ಲಿ ನಕ್ಕು ಹೋದ. ಈಗಲೂ ಮಂಕು. ನೋಡುವ ಜಾಗದ ನಡುವೆ ಜಿಡ್ಡು ಕೂತ ಹಾಗೆ. ಇವರೆಲ್ಲ ಬರುವುದು ಸಹಿ ಹಾಕಿಸಿಕೊಳ್ಳುವುದಕ್ಕೆ.


ಫೆಬ್ರವರಿ 4, ಮಂಗಳವಾರ

ತಲೆ ಸಿಡಿಯುತ್ತಿದೆ.

ಇವತ್ತು ಇಪ್ಪತ್ನಾಲ್ಕು ತಟ್ಟೆ. ತಟ್ಟೆಯ ಮೇಲೆ ಬರೀ ಅಕ್ಷರದ ಚೀಟಿ ಇರುತ್ತದೆ. ಯಾವುದಕ್ಕೆ ಔಷಧ ಬಿದ್ದಿದೆ, ಯಾವುದಕ್ಕೆ ಬರೀ ಬೆಳವಣಿಗೆಯ ಅಂಶ ಎಂಬ ಪಟ್ಟಿ ನಮ್ಮ ಬಾಸ್ ಡೇವಿಡ್‌ನ ಡ್ರಾಯರಿನಲ್ಲಿ, ಅಂಟಿಸಿದ ಲಕೋಟೆಯಲ್ಲಿ. ಎಣಿಸುವವರಿಗೆ ಗೊತ್ತಿರಕೂಡದು, ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನು ಎಣಿಸುತ್ತದೆ.

ನಾನು ಬೆಳಿಗ್ಗೆ ಎಣಿಸಿದೆ, ಅಕ್ಷಯಾ ಮಧ್ಯಾಹ್ನ. ಸಂಜೆ ತಾಳೆ ನೋಡಿದರೆ ಅರ್ಧಕ್ಕರ್ಧ ಹೊಂದುವುದಿಲ್ಲ. ಬಿ ತಟ್ಟೆಯಲ್ಲಿ ನನಗೆ ಇಪ್ಪತ್ತೆರಡು ಕವಲು, ಅವಳಿಗೆ ನಲವತ್ತೇಳು! ಕೆ ತಟ್ಟೆಯಲ್ಲಿ ನನಗೆ ಹತ್ತೊಂಬತ್ತು, ಅವಳಿಗೆ ಐವತ್ತು. ಐವತ್ತು ಕವಲು ಒಡೆಯಲು ಅದೇನು ಆಲದ ಮರವೇ?

"ನಾ ಮೂರ್ ಸಲ ಎಣಿಸೀನ್ರಿ ಮೇಡಂ" ಎಂದಳು. "ಸಣ್ಣ ಸಣ್ಣ ಕವಲು ಭಾಳ ಅದಾವ್ರಿ. ಫೋಟೋನೂ ತಗದೀನಿ, ನೋಡ್ರಿ ಬೇಕಂದ್ರ."

ಪರದೆಯ ಮೇಲೆ ನೋಡಿದೆ. ಮಸುಕು. ಫೋಕಸ್ಸೇ ಮಾಡದೆ ತೆಗೆದಿದ್ದಾಳೆ. ಹಾಗೆಂದೆ.

"ಫೋಕಸ್ ಐತ್ರಿ" ಎಂದಳು, ಮೆಲ್ಲಗೆ. "ಬಹುಶಃ ಪರದೆ..."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಫೋಟೋ, ಪರದೆ ಎಲ್ಲ ಆಮೇಲೆ. ಮೊದಲು ಸರಿಯಾಗಿ ಎಣಿಸೋದು ಕಲಿ."

ನಮ್ಮಲ್ಲಿ ನೋಟ್‌ಬುಕ್ಕಿನಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ಗೀಚುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಸ್ಕೇಲಿಟ್ಟು ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದುವ ಹಾಗಿರಬೇಕು. ಪಕ್ಕದಲ್ಲಿ ಕಾರಣ, ತಾರೀಖು, ಬರೆದವರ ಸಹಿ, ಸಾಕ್ಷಿಯ ಸಹಿ. ಈ ನಿಯಮ ಲ್ಯಾಬಿಗೆ ಬಂದವರಿಗೆಲ್ಲ ಕಲಿಸಿದವಳು ನಾನೇ. ಅವಳ ಇಪ್ಪತ್ನಾಲ್ಕೂ ಅಂಕಿಗೆ ಗೆರೆ ಎಳೆಸಿದೆ.

"ಕಾರಣ ಏನಂತ ಬರೀಲಿ ಮೇಡಂ?"

"ಎಣಿಸಿದವರ ಅಜಾಗರೂಕತೆ ಅಂತ ಬರಿ."

ಬರೆದಳು. ನಾನು ಸಾಕ್ಷಿ ಹಾಕಿದೆ. ಅವಳ ಕಿವಿ ಕೆಂಪಾಗಿತ್ತು. ನನಗೂ ಇಪ್ಪತ್ತಾರನೆಯ ವಯಸ್ಸಿನಲ್ಲಿ ಹೀಗೇ ಬೈದಿದ್ದರು, ಅದಕ್ಕೇ ಇಷ್ಟಾದರೂ ಎಣಿಸಲು ಕಲಿತೆ.


ಫೆಬ್ರವರಿ 13, ಗುರುವಾರ

ಹಿಮ, ಹಿಮ, ಹಿಮ. ರೈಲು ತಡ. ಸ್ಟೇಷನ್ನಿನಿಂದ ಮನೆಗೆ ಕಾರು ತರುವಾಗ ಗ್ಯಾರೇಜಿನ ಕಂಬಕ್ಕೆ ಬಲಗಡೆಯ ಕನ್ನಡಿ ತಗುಲಿ ಮುರಿಯಿತು. ಎದುರಿನ ಕಾರುಗಳ ದೀಪಕ್ಕೆ ಈಚೆಗೆ ಏನು ಬಂದಿದೆಯೋ, ಸೀದಾ ಕಣ್ಣಿಗೇ ಚುಚ್ಚುತ್ತವೆ.

ಶಿವಾನಂದರು ಕನ್ನಡಿ ಎತ್ತಿಕೊಂಡು, "ಗ್ಯಾರೇಜಲ್ಲಿ ಯಾವ ಕಾರು ಎದುರಿಗೆ ಬಂತು?" ಎಂದರು.

ಪುಸ್ತಕದ ಕಂಪನಿಯವರು ಕ್ಷಮೆ ಕೇಳಿ ಹೊಸದೊಂದು ಪುಕ್ಕಟೆ ಕಳಿಸಿದ್ದಾರೆ. ಪಾಪ ಎಂದುಕೊಂಡು ತೆರೆದೆ. ಅದರದೂ ಸೊಟ್ಟ! ಇನ್ನೊಂದು ಈಮೇಲ್ ಹಾಕಿದೆ, ಮೊದಲಿನದಕ್ಕಿಂತ ಖಾರವಾಗಿ.


ಫೆಬ್ರವರಿ 20, ಗುರುವಾರ

ಇವತ್ತು ಆದದ್ದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಎರಡನೆಯ ಸುತ್ತಿನ ಇಪ್ಪತ್ನಾಲ್ಕು ತಟ್ಟೆಯೂ ಹಾಗೇ ಆಯಿತು. ನನ್ನ ಅಂಕಿಗಳೆಲ್ಲ ಇಪ್ಪತ್ತರ ಆಸುಪಾಸು. ಅವಳದು ಅರ್ಧ ಇಪ್ಪತ್ತರ ಹತ್ತಿರ, ಅರ್ಧ ಐವತ್ತರ ಹತ್ತಿರ. ಡೇವಿಡ್ ಬೇಸತ್ತು ಎರಡೂ ಸುತ್ತಿನ ಲಕೋಟೆ ಒಡೆದ. ನೋಡಿದರೆ ಅವಳು ಐವತ್ತು ಎಂದ ತಟ್ಟೆಗಳೆಲ್ಲ ಬರೀ ಬೆಳವಣಿಗೆಯ ಅಂಶದವು. ಇಪ್ಪತ್ತು ಎಂದದ್ದೆಲ್ಲ ಔಷಧ ಬಿದ್ದವು. ಒಂದೂ ತಪ್ಪಿಲ್ಲ. ನನ್ನ ಎಣಿಕೆ ನಂಬಿದರೆ ಔಷಧ ನೀರಿಗೆ ಸಮ. ಅವಳದನ್ನು ನಂಬಿದರೆ ಅದು ಅಮೃತ.

ಡೇವಿಡ್ ನನ್ನ ಮುಖ ನೋಡಿದ. ನನ್ನ ಎಣಿಕೆಯೆಂದರೆ ಅವನಿಗೆ ವೇದ. "ರಾಜ್, ನೀನೇ ಹೇಳು" ಎಂದ.

ಇಷ್ಟು ಚೊಕ್ಕಟವಾದ ಫಲ ನಾನು ಇಪ್ಪತ್ತೆರಡು ವರ್ಷದಲ್ಲಿ ಕಂಡಿಲ್ಲ. ಅವನು ಹೋದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟೆ.

"ನಿಜ ಹೇಳು. ಲಕೋಟೆ ಮೊದಲೇ ನೋಡಿದ್ದೀಯಾ?"

ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಏನಂದ್ರಿ?"

"ನನ್ನ ಕಣ್ಣಿಗೆ ಕಾಣದ ಮೂವತ್ತು ಕವಲು ನಿನಗೆ ಕಾಣತ್ತೆ. ಅದೂ ಬೇಕಾದ ತಟ್ಟೇಲೇ ಕಾಣತ್ತೆ. ಹೇಗೆ?"

"ನಾ ನೋಡಿಲ್ರಿ" ಎಂದಳು. "ಕಳ್ಳತನ ಮಾಡಾಕ ಇಷ್ಟು ದೂರ ಬರಬೇಕಾಗಿರ್ಲಿಲ್ರಿ ನಾನು." ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಹೊರಟುಹೋದಳು.

ನಾನು ಕೇಳಿದ್ದು ತಪ್ಪೇ? ಕೇಳಲೇಬೇಕಾದ ಪ್ರಶ್ನೆ ಅದು. ಮೂರನೆಯ ಸುತ್ತು ಹೊಸ ಚೀಟಿಗಳೊಂದಿಗೆ ಆಗಲಿ, ಆಗಲೂ ತಾಳೆಯಾಗದಿದ್ದರೆ ಡೇವಿಡ್‌ಗೆ ಬರೆದು ಕೊಡುತ್ತೇನೆ.


ಫೆಬ್ರವರಿ 21, ಶುಕ್ರವಾರ

ಅಕ್ಷಯಾ ಬರಲಿಲ್ಲ. ಅವಳ ಜೀವಕೋಶಗಳಿಗೆ ನಾನೇ ಊಟ ಹಾಕಿದೆ.


ಫೆಬ್ರವರಿ 24, ಸೋಮವಾರ

ಬಂದಳು. "ಗುಡ್ ಮಾರ್ನಿಂಗ್" ಇಂಗ್ಲಿಷಿನಲ್ಲಿ. ಇಡೀ ದಿನ ಇಂಗ್ಲಿಷಿನಲ್ಲೇ.

ಆ ಹುಡುಗಿ ಲ್ಯಾಬಿಗೆ ಸೇರಿದ ದಿನ, ಇಲ್ಲಿ ಕನ್ನಡ ಮಾತಾಡುವವರು ಸಿಕ್ಕರಲ್ಲ ಎಂದು ನನಗೆ ಕರದಂಟು ತಂದುಕೊಟ್ಟಿದ್ದಳು. ನನಗೆ ಸಕ್ಕರೆ ಎಂದು ತಿಳಿದ ಮೇಲೆ ಮಾರನೆಯ ವಾರ ಶೇಂಗಾ ಚಟ್ನಿಪುಡಿ ತಂದಳು. ಯಾಕೋ ನೆನಪಾಯಿತು.


ಮಾರ್ಚ್ 5, ಬುಧವಾರ

ಸಕ್ಕರೆ ನೋಡಲಿಲ್ಲ.

ಮೂರನೆಯ ಸುತ್ತು. ಬೆಳಿಗ್ಗೆ ಹನ್ನೆರಡು ತಟ್ಟೆ ಎಣಿಸಿದೆ, ಊಟದ ನಂತರ ಹನ್ನೆರಡು. ಕೊನೆಯದು ಮುಗಿಸಿ ಕತ್ತು ನೆಟ್ಟಗೆ ಮಾಡುವಷ್ಟರಲ್ಲಿ ಅಕ್ಷಯಾ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು. ಎರಡು ವಾರದ ಮೇಲೆ ಮೊದಲ ಸಲ ಕನ್ನಡ ಬಾಯಿಗೆ ಬಂತು.

"ಮೇಡಂ, ಎಚ್ ತಟ್ಟಿ, ಆರ್ ತಟ್ಟಿ ಎರಡೂ ಒಂದ ತಟ್ಟಿರಿ. ಮಧ್ಯಾಹ್ನ ನಾನ ಚೀಟಿ ಬದಲ್ ಮಾಡೀನಿ. ಮುಂಜಾನೆ ನೀವು ಮೂವತ್ತೊಂದು ಬರದ್ರಿ. ಈಗ ಹದಿನೇಳು ಬರದ್ರಿ."

ನನಗೆ ಮೈಯೆಲ್ಲ ಉರಿಯಿತು. "ನನಗೇ ಪರೀಕ್ಷೆ ಇಡ್ತೀಯಾ?"

"ಹೌದ್ರಿ." ಕಣ್ಣಿನಲ್ಲಿ ನೀರು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ. "ಬೈರಿ, ಡೇವಿಡ್‌ಗ ಹೇಳ್ರಿ, ಏನಾರ ಮಾಡ್ರಿ. ಮೊದ್ಲ ನಂದೊಂದ್ ಮಾತ್ ಕೇಳ್ರಿ. ನಮ್ಮಪ್ಪಾರು ಕುಪ್ಪಸದ ಖಣಾ ನೇಯ್ತಿದ್ರು. ಒಂದ್ ವರ್ಷ ಬುಟ್ಟಾ ಎಲ್ಲಾ ಸೊಟ್ಟ ಬರಾಕ ಹತ್ತಿದ್ವು. ಮಗ್ಗ ಸರಿ ಇಲ್ಲಂತ ಬಿಚ್ಚಿ ಬಿಚ್ಚಿ ಕಟ್ಟಿದ್ರು. ನೂಲು ಸರಿ ಇಲ್ಲಂತ ಅಂಗಡ್ಯಾವನ ಜೋಡಿ ಜಗಳಾ ತಗದ್ರು. ಲಾಳಿ ತುಂಬಿ ಕೊಡ್ತಿದ್ದ ನಮ್ಮವ್ವಗ ದಿನಾ ಬೈತಿದ್ರು, ನಿನಗ ಲಕ್ಷ್ಯ ಇಲ್ಲಂತ. ಕಡೀಕ ದವಾಖಾನಿಗೆ ಹೋದ್ರ, ಸಕ್ರಿ ಕಣ್ಣಿಗೆ ಇಳದೈತಿ, ಭಾಳ ತಡಾ ಮಾಡೀರಿ ಅಂದ್ರು."

"ಈಗ ಹೇಗಿದಾರೆ?"

"ಹಗಲು ಯಾವ್ದು, ರಾತ್ರಿ ಯಾವ್ದು ಗೊತ್ತಾಕ್ಕೈತ್ರಿ. ಅಷ್ಟ."

ನಾನು ಎದ್ದು ನಿಂತೆ. "ನನ್ನ ಕಣ್ಣು ನನಗೆ ಗೊತ್ತು" ಎಂದೆ. ಬ್ಯಾಗು ತೆಗೆದುಕೊಂಡು ರೈಲು ಹಿಡಿದೆ. ದಾರಿಯುದ್ದಕ್ಕೂ ಕೋಪದಲ್ಲೇ ಇದ್ದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳಿಗೆ ನಿನ್ನೆ ಮೊನ್ನೆ ಬಂದ ಹುಡುಗಿ ಸಕ್ಕರೆ ಕಾಯಿಲೆಯ ಕಣ್ಣಿನ ಪಾಠ ಹೇಳುತ್ತಾಳೆ.


ಮಾರ್ಚ್ 6, ಗುರುವಾರ, ಬೆಳಿಗ್ಗೆ

ನಾನು ಯಾವಾಗಲೂ ಬಲಗಣ್ಣಿನಿಂದ ನೋಡುವವಳು. ಮೈಸೂರಿನ ಕಾಲೇಜಿನಲ್ಲಿ ಒಂದೇ ಕೊಳವೆಯ ಮೈಕ್ರೋಸ್ಕೋಪು ಇತ್ತು. ಎರಡು ಕೊಳವೆಯದು ಸಿಕ್ಕ ಮೇಲೂ ಅಭ್ಯಾಸ ಬಿಡಲಿಲ್ಲ, ಎಡಗಣ್ಣು ಸುಮ್ಮನೆ ಜೊತೆಗೆ ಇರುತ್ತದೆ.

ಕಾಫಿ ಕುಡಿಯುತ್ತ ಎಡಗಣ್ಣನ್ನು ಕೈಯಿಂದ ಮುಚ್ಚಿ ಈ ಪುಸ್ತಕದ ಖಾಲಿ ಪುಟ ನೋಡಿದೆ. ನಡುವಿನ ಚೌಕಗಳೆಲ್ಲ ಒಳಗೆ ಕುಸಿದಿವೆ. ಅದರ ಮಧ್ಯೆ ಬೂದು ಬಣ್ಣದ ಒಂದು ಮಚ್ಚೆ.

ಬಲಗಣ್ಣು ಮುಚ್ಚಿದೆ. ಗೆರೆ ಹೆಚ್ಚುಕಡಿಮೆ ನೆಟ್ಟಗಾಯಿತು. ಸ್ವಲ್ಪವೇ ಬಾಗಿದೆ.

ಶಿವಾನಂದರನ್ನು ಕರೆದು ಪುಸ್ತಕ ಕೊಟ್ಟೆ. "ರೀ, ಈ ಗೆರೆ ಸೊಟ್ಟ ಇದೆಯಾ?"

ಅವರು ಕಿಟಕಿಯ ಹತ್ತಿರ ಹೋಗಿ, ಹಿಂದೆ ಮುಂದೆ ತಿರುಗಿಸಿ, ಜೇಬಿನಿಂದ ಸಣ್ಣ ಸ್ಕೇಲು ತೆಗೆದು ಇಟ್ಟೇ ನೋಡಿದರು. ಎಂಜಿನಿಯರು. "ಇಲ್ವಲ್ಲೇ. ಚೆನ್ನಾಗಿದೆ" ಎಂದರು.

ಆಮೇಲೆ ನನ್ನ ಮುಖ ನೋಡಿ ಸ್ಕೇಲು ಜೇಬಿಗೆ ಇಟ್ಟುಕೊಂಡರು. ತಮಾಷೆ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.


ಮಾರ್ಚ್ 12, ಬುಧವಾರ

ಶುಕ್ರವಾರ ಇಲ್ಲೇ ಹತ್ತಿರದ ಕಣ್ಣಿನವರು ನೋಡಿ, ಮುಖ ಸಣ್ಣಗೆ ಮಾಡಿಕೊಂಡು, ತುರ್ತು ಎಂದು ಚೀಟಿ ಬರೆದಿದ್ದರು. ಇವತ್ತು ರೆಟಿನಾ ಡಾಕ್ಟರು. ನಮಗೊಬ್ಬ ಮಗಳಿದ್ದಿದ್ದರೆ ಇವಳಷ್ಟೇ ವಯಸ್ಸಿರುತ್ತಿತ್ತು.

ಸ್ಕ್ಯಾನಿನ ಪರದೆಯ ಮೇಲೆ ನನ್ನ ಬಲಗಣ್ಣಿನ ರೆಟಿನಾ. ಹಪ್ಪಳ ಕಾದ ಎಣ್ಣೆಗೆ ಬಿದ್ದ ಹಾಗೆ ನಡುವೆ ಉಬ್ಬಿತ್ತು. ಇಂಥ ಚಿತ್ರ ನಾನೇ ನೂರಾರು ಸ್ಲೈಡಿನಲ್ಲಿ ತೋರಿಸಿದ್ದೇನೆ, ಬಾಣದ ಗುರುತು ಹಾಕಿ. ಎಡಗಣ್ಣಿನಲ್ಲಿ ಈಗಷ್ಟೇ ಶುರುವಾಗಿದೆ.

ಅವಳು ಒಂದು ಪ್ಲಾಸ್ಟಿಕ್ಕಿನ ಕಣ್ಣು ಕೈಗೆ ತೆಗೆದುಕೊಂಡು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಶುರು ಮಾಡಿದಳು. "ನಿಮ್ಮ ಕಣ್ಣಲ್ಲಿ ಒಂದು ಪ್ರೋಟೀನ್ ಇರತ್ತೆ. ಬೆಳವಣಿಗೆಯ ಅಂಶ ಅಂತ. ಅದು ಜಾಸ್ತಿಯಾದಾಗ ರಕ್ತನಾಳದ ಗೋಡೆಯ ಸೆಲ್‌ಗಳು..."

ಪಕ್ಕದಲ್ಲಿ ಕೂತಿದ್ದ ಶಿವಾನಂದರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅವರ ಕಾಲು ತುಳಿದೆ. ನಾನು ಅದನ್ನು ಇಪ್ಪತ್ತೆರಡು ವರ್ಷದಿಂದ ತಟ್ಟೆಗಳಿಗೆ ಬಡಿಸುತ್ತಿದ್ದೇನೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಾಗಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಆದರೂ ಅವಳು ಕೇಳಿಯೇಬಿಟ್ಟಳು, ಕೊನೆಯ ಸಲ ಯಾವಾಗ ತೋರಿಸಿದ್ದು ಎಂದು.

"ಎರಡೂವರೆ ವರ್ಷ ದಾಟಿತು."

"ಯಾಕೆ?"

"ಕಣ್ಣಿಗೆ ಹನಿ ಹಾಕಿದರೆ ಒಂದು ದಿನದ ಕೆಲಸ ಹಾಳಾಗತ್ತೆ ಅಂತ."

ಅವಳು ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

ಬಲಗಣ್ಣಿಗೆ ಸೂಜಿ. ಮರಗಟ್ಟಿಸುವ ಹನಿ, ಉರಿಯುವ ಅಯೋಡಿನ್, ರೆಪ್ಪೆ ಹಿಡಿಯುವ ಕಂಬಿ, "ಮೇಲೆ ನೋಡಿ", ಒಂದು ಒತ್ತು. ಅಷ್ಟೇ. ಆಮೇಲೆ ನೋಟದಲ್ಲಿ ಕರಿ ಗುಳ್ಳೆಗಳು ತೇಲಿದವು. ಒಳಗೆ ಹೋದ ಔಷಧ ಆ ಬೆಳವಣಿಗೆಯ ಅಂಶವನ್ನು ಹಿಡಿದು ಕಟ್ಟಿಹಾಕುವಂಥದು. ಇಂಥ ಔಷಧ ತಟ್ಟೆಗೆ ಹಾಕುವಾಗ ಒಂದು ದಿನವೂ ಯೋಚಿಸಿರಲಿಲ್ಲ, ಅದು ಯಾರದೋ ಕಣ್ಣಿಗೆ ಹೀಗೆ ಹೋಗುತ್ತದೆ ಎಂದು. ತಿಂಗಳಿಗೊಂದು ಸೂಜಿ, ಎಷ್ಟು ತಿಂಗಳು ಎಂದು ಈಗಲೇ ಹೇಳಲಾಗದು. ಎಷ್ಟು ನೋಟ ಮರಳುತ್ತದೆ ಎಂದೂ ಹೇಳಲಾಗದು. ಕಾರು ಸದ್ಯಕ್ಕೆ ಬೇಡ ಎಂದಳು.

ಮನೆಗೆ ಬಂದು ಅತ್ತೆ. ಕಣ್ಣು ಉಜ್ಜಬಾರದಂತೆ. ಅಳುವುದಕ್ಕೂ ನಿಯಮ.


ಮಾರ್ಚ್ 17, ಸೋಮವಾರ

ಡೇವಿಡ್‌ಗೆ ಎಲ್ಲ ಹೇಳಿದೆ. ನನ್ನ ಮೂರು ಸುತ್ತಿನ ಎಣಿಕೆ ಬಿಡಬೇಕು, ಅಕ್ಷಯಾಳದೇ ಸರಿ ಎಂದೆ. ಅವನು ತುಂಬ ಹೊತ್ತು ಪೆನ್ನು ತಿರುಗಿಸಿದ.

"ಯಾವತ್ತಿನಿಂದ, ರಾಜ್?" ಎಂದ.

ಅದನ್ನೇ ನಾನು ನಾಲ್ಕು ರಾತ್ರಿ ಯೋಚಿಸಿದ್ದು. ಈ ಪುಸ್ತಕ ತೆಗೆದು ಮೊದಲ ಪುಟ ಓದಿದೆ. ಜನವರಿ 13ಕ್ಕೇ ಗೆರೆ ಸೊಟ್ಟ ಎಂದು ಬರೆದಿದ್ದೇನೆ. ಅದಕ್ಕೆ ಮೊದಲು? ಯಾರಿಗೆ ಗೊತ್ತು? ಕಣ್ಣು ಚೆನ್ನಾಗಿತ್ತು ಎಂದು ಇನ್ನೊಬ್ಬರು ನೋಡಿ ಹೇಳಿದ್ದು 2022ರ ಜೂನಿನಲ್ಲಿ. ಅಲ್ಲಿಂದ ಈಚೆಗಿನದು ಯಾವುದನ್ನೂ ನಾನು ಆಣೆ ಮಾಡಿ ಹೇಳಲಾರೆ.

"ಅಲ್ಲಿಂದ ಎಲ್ಲ" ಎಂದೆ. "ಫೋಟೋಗಳಿವೆ. ಬೇರೆಯವರು ಮತ್ತೆ ಎಣಿಸಲಿ."

ಆ ಎಣಿಕೆ ನಂಬಿ ಪತ್ರಿಕೆಗೆ ಕಳಿಸಿದ ಒಂದು ಲೇಖನವನ್ನು ವಾಪಸ್ ತರಿಸಬೇಕು. ಅವನು ಕೂಗಾಡಲಿಲ್ಲ. ಬಾಗಿಲ ತನಕ ಬಂದು ನನ್ನ ಕೋಟು ಹಿಡಿದುಕೊಂಡು ನಿಂತ. ಅದೂ ಕಷ್ಟವಾಯಿತು.

ಅಕ್ಷಯಾಳಿಗೆ ಇನ್ನೂ ಏನೂ ಹೇಳಿಲ್ಲ. ಅವಳು ಕೇಳಿಯೂ ಇಲ್ಲ. ಬೆಂಚಿನ ಮೇಲೆ ನನ್ನ ಚೀಟಿಗಳ ಅಕ್ಷರಗಳನ್ನೆಲ್ಲ ದೊಡ್ಡದಾಗಿ ಬರೆದು ಇಟ್ಟಿದ್ದಾಳೆ. ಯಾರು ಕೇಳಿದ್ದರು? ದೊಡ್ಡ ಉಪಕಾರ.


ಮಾರ್ಚ್ 23, ಭಾನುವಾರ

ಸಕ್ಕರೆ 6.9.

ಪುಸ್ತಕದ ಕಂಪನಿಯವರು ಮೂರನೆಯ ಪುಸ್ತಕ ಕಳಿಸಿದ್ದಾರೆ, ಜೊತೆಗೆ ಕೈಯಲ್ಲಿ ಬರೆದ ಕ್ಷಮಾಪಣೆ. ಶಿವಾನಂದರು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾರೆ. ಕಂಪನಿಗೆ ಈಮೇಲ್ ಬರೆದೆ. ತಪ್ಪು ನಿಮ್ಮದಲ್ಲ ಎಂದು ಎರಡು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು.

ಜಯಲಕ್ಷ್ಮಿ ಫೋನ್ ಮಾಡಿದ್ದಳು. "ನಾನು ಅವತ್ತೇ ಹೇಳ್ದೆ" ಎನ್ನಲು ಕಾದಿದ್ದಳು, ಎನ್ನಲಿಲ್ಲ. "ಮುಂದಿನ ಸೂಜಿಗೆ ನಾನೂ ಬರ್ತೀನಿ" ಎಂದಳು. ಬೇಡ ಎಂದೆ. ಬರುತ್ತಾಳೆ.


ಮಾರ್ಚ್ 28, ಶುಕ್ರವಾರ

ಕಮಿಟಿ ಸೋಮವಾರ. ಯುಗಾದಿ ಭಾನುವಾರ. ಇನ್ನು ಮುಂದೂಡುವ ಹಾಗಿರಲಿಲ್ಲ.

ಮಧ್ಯಾಹ್ನ ಅಕ್ಷಯಾಳ ಬೆಂಚಿಗೆ ಹೋಗಿ, "ಆ ಫೆಬ್ರವರಿಯ ನೋಟ್‌ಬುಕ್ ತೆಗಿ" ಎಂದೆ. ಗದರಿಸಿದ ಹಾಗೆಯೇ ಕೇಳಿಸಿರಬೇಕು, ಹುಡುಗಿ ಬೆಚ್ಚಿದಳು. ನನಗೆ ಬೇರೆ ದನಿಯೇ ಬರುವುದಿಲ್ಲ.

ಎಡ ಪುಟದಲ್ಲಿ ಅವಳ ಇಪ್ಪತ್ನಾಲ್ಕು ಅಂಕಿ, ಪ್ರತಿಯೊಂದರ ಮೇಲೂ ಒಂದೊಂದು ಗೆರೆ, ಪಕ್ಕದಲ್ಲಿ 'ಎಣಿಸಿದವರ ಅಜಾಗರೂಕತೆ'. ಹೊಡೆದ ಗೆರೆಯನ್ನು ತೆಗೆಯಲು ನಮ್ಮ ನಿಯಮದಲ್ಲಿ ದಾರಿಯಿಲ್ಲ. ಅದರ ಕೆಳಗೆ, "ಈ ಅಂಕಿಗಳು ಸರಿಯಾಗಿದ್ದವು. ಹೊಡೆಸಿದ್ದು ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದೆ. ಅಕ್ಷರ ದಪ್ಪ ದಪ್ಪ ಬಂತು.

"ಲಕೋಟೆ ಬಗ್ಗೆ ಕೇಳಿದ್ನಲ್ಲ" ಎಂದೆ. "ಅದಕ್ಕೆ ಎಲ್ಲಿ ಗೆರೆ ಹೊಡೀಬೇಕೋ ಗೊತ್ತಾಗ್ತಿಲ್ಲ. ತಪ್ಪಾಯ್ತು ಕಣಮ್ಮ. ಕ್ಷಮಿಸು."

ಅವಳು ತಲೆ ತಗ್ಗಿಸಿಕೊಂಡೇ ಹೂಂ ಎಂದಳು. ಆಮೇಲೆ, "ಮಕದ ಮ್ಯಾಲೆ ಹಂಗಂದ್ರಲ್ರಿ, ಭಾಳ ಸಂಕಟ ಆತು" ಎಂದಳು. ಸರಿ ಬಿಡಿ ಎನ್ನಲಿಲ್ಲ. ಎನ್ನದಿದ್ದದ್ದೇ ಒಳ್ಳೆಯದಾಯಿತು.

ಬಲ ಪುಟದಲ್ಲಿ ನನ್ನ ಅಂಕಿಗಳು. ಸ್ಕೇಲು ತೆಗೆದುಕೊಂಡೆ.

"ಕಾರಣ ಏನಂತ ಬರೀತೀರಿ ಮೇಡಂ?"

'ಎಣಿಸಿದವರ ಅಜಾಗರೂಕತೆ' ಎಂದು ಬರೆದೆ.

ಅವಳು ಕೈ ಅಡ್ಡ ತಂದಳು. "ಅದು ಅಜಾಗರೂಕತಿ ಅಲ್ರಿ. ಕಣ್ಣಿನ ರೋಗರಿ ಅದು."

"ಎರಡೂವರೆ ವರ್ಷ ತೋರಿಸದೆ ಕೂತದ್ದು ರೋಗ ಅಲ್ಲ. ಸುಮ್ನಿರು."

ಕೈ ತೆಗೆದಳು. ಮೊದಲ ಅಂಕಿ, ಬಿ ತಟ್ಟೆ, ಇಪ್ಪತ್ತೆರಡು. ಸ್ಕೇಲನ್ನು ಅದರ ಮೇಲೆ ಇಟ್ಟೆ. ಒಂದು ಸೂಜಿಗೆ ಕಣ್ಣು ಎಷ್ಟು ಸುಧಾರಿಸುತ್ತದೆ? ಸ್ಕೇಲೇ ನಡುವೆ ಬಾಗಿದ ಹಾಗಿತ್ತು. ಅವಳು ಸ್ಕೇಲಿನ ಇನ್ನೊಂದು ತುದಿಯನ್ನು ಬೆರಳಿಂದ ಒತ್ತಿ ಹಿಡಿದಳು. ಎಳೆದೆ.

"ನೆಟ್ಟಗೆ ಬಂತಾ?"

"ಸೀದಾ ಬಂದೈತ್ರಿ."

ನನಗೆ ಅದು ಸೊಟ್ಟಗೇ ಕಾಣುತ್ತಿತ್ತು. ಅವಳ ಮಾತನ್ನೇ ನಂಬಿ ಸಹಿ ಹಾಕಿ, ಮುಂದಿನ ಅಂಕಿ ಎಲ್ಲಿದೆ ತೋರಿಸು ಎಂದೆ.